ಅದುಬೇರೆ ವಕೀಲರ ಕೋಟು

ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವಾಗ ಹೊಸ್ತಿಲ ಮೇಲೆ ಅರೆಕ್ಷಣ ನಿಲ್ಲದೆ ಅವರು ಮುಂದಿನ ಹೆಜ್ಜೆ ಇಟ್ಟದ್ದನ್ನು ಕಂಡವರಿಲ್ಲ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಕತ್ತು ತುಸು ಬಾಗಿ, ದೃಷ್ಟಿ ನೆಲದ ಮೇಲೆ; ಏನನ್ನೋ ಮರೆತು ಬಂದವರ ಹಾಗೆ ನಿಂತು, ಆಮೇಲೆ ಗಂಟಲು ಸರಿಮಾಡಿಕೊಂಡು ಒಳಗೆ ಬರುವುದು ಅವರ ಪದ್ಧತಿ. ನ್ಯಾಯಾಲಯದ ಇಕ್ಕಟ್ಟಾದ ಮೊಗಸಾಲೆಯಲ್ಲಿ ಅವರ ಬೆನ್ನಹಿಂದೆ ನಡೆಯುವುದೆಂದರೆ ಮೂಗಿಗೆ ಅಪಾಯ ತಂದುಕೊಂಡಂತೆಯೇ ಸರಿ. ಕಡತಗಳ ರಾಶಿಯನ್ನು ಗಲ್ಲದವರೆಗೆ ಹೊತ್ತು ಓಡುತ್ತಿದ್ದ ಗುಮಾಸ್ತನೊಬ್ಬ ಅವರ ಬೆನ್ನಿಗೆ ಡಿಕ್ಕಿ ಹೊಡೆದು, ಕಾಗದಗಳನ್ನೆಲ್ಲ ನೆಲದ ಪಾಲು ಮಾಡಿ, "ಯಾಕ್ ಸಾರ್ ಹಿಂಗೆ ಬಾಗಿಲಲ್ಲಿ ನಿಂತುಬಿಡ್ತೀರಿ?" ಎಂದು ಅಳುಮೋರೆ ಮಾಡಿದಾಗ ಅವರು ಬಗ್ಗಿ ಕಾಗದ ಆಯ್ದುಕೊಡುತ್ತ ಹೇಳಿದ್ದು ಇಷ್ಟೇ: "ಆ ಕೋಣೆ ಇನ್ನೂ ತಲೇಲೇ ಇತ್ತಪ್ಪಾ. ಅಲ್ಲೇ ಬಿಟ್ಟು ಬರ್ತಿದ್ದೆ."

ಅವರಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ಬಾಗಿಲ ಫಲಕದ ಮೇಲೆ ಅದು ಮಾಸಿದ ಅಕ್ಷರಗಳಲ್ಲಿ ಇದ್ದೇ ಇತ್ತು. ಆದರೆ ಕಟ್ಟಡದ ಕಾವಲುಗಾರನಿಂದ ಹಿಡಿದು ಮೇಲಂತಸ್ತಿನ ನ್ಯಾಯಾಧೀಶರವರೆಗೆ ಎಲ್ಲರ ಬಾಯಲ್ಲೂ ಅವರು 'ಅದುಬೇರೆ ವಕೀಲರು'. "ಅದು ಬೇರೆ, ಇದು ಬೇರೆ" ಎಂಬ ಎರಡು ತುಂಡು ಮಾತು ಅವರ ವಾದದ ಮೊದಲಲ್ಲೋ ಮಧ್ಯದಲ್ಲೋ ಕಡೆಯಲ್ಲೋ ಬಾರದೆ ಹೋದ ದಿನವಿರಲಿಲ್ಲ. ಅದನ್ನು ಹೇಳುವಾಗ ಬಲಗೈಯನ್ನು ಮೇಜಿನ ಮೇಲೆ ನಿಲ್ಲಿಸಿ, ರೊಟ್ಟಿಯನ್ನು ಎರಡು ಭಾಗ ಮಾಡುವವರಂತೆ ಕೆಳಕ್ಕೆ ಇಳಿಸುತ್ತಿದ್ದರು. ಎದುರಾಳಿಗಳು ಆ ಕೈ ಏಳುವುದನ್ನು ಕಂಡರೆ ಸಾಕು, ಮುಖ ಕಿವುಚಿಕೊಳ್ಳುತ್ತಿದ್ದರು.

ನಾನು ಅವರೊಡನೆ ಒಂದೇ ಕೋಣೆಯನ್ನು ಹಂಚಿಕೊಂಡವನು. ನನ್ನದು ಮನೆ ನಿವೇಶನಗಳ ಕ್ರಯಪತ್ರ ಬರೆಯುವ ತಣ್ಣನೆಯ ವೃತ್ತಿ. ಅವರದು ಹೊಡೆದಾಟ, ಕೊಲೆ, ಕಳ್ಳತನಗಳ ಬಿಸಿ ವ್ಯವಹಾರ. ನಾನು ಸೇರಿದ ಮೊದಲ ವಾರವೇ ನಮ್ಮಿಬ್ಬರ ಮೇಜುಗಳ ನಡುವೆ ಒಂದು ಕಬ್ಬಿಣದ ಬೀರು ಬಂದು ನಿಂತಿತು. ನನ್ನ ಮೇಲೆ ಮುನಿಸೇನೋ ಎಂದು ನಾನು ಒಳಗೊಳಗೇ ಕೊರಗುತ್ತಿರುವಾಗ ಬೀರುವಿನ ಆಚೆಯಿಂದ ಅವರ ದನಿ ಬಂತು: "ತಪ್ಪು ತಿಳ್ಕೋಬೇಡಿ. ಸ್ನೇಹ ಬೇರೆ, ಜಾಗ ಬೇರೆ." ಹೀಗೆ ಮುಖ ಕಾಣದ ಸ್ನೇಹವೊಂದು ಬಹಳ ವರ್ಷ ಸುಖವಾಗಿ ನಡೆಯಿತು.

ಅವರ ವ್ಯಕ್ತಿತ್ವವನ್ನು ಅರಿಯಬೇಕೆಂದರೆ ಅವರ ಕೋಟನ್ನು ನೋಡಬೇಕಿತ್ತು. ಮೊಣಕೈಯಲ್ಲಿ ಹೊಳಪೇರಿದ, ಕಾಲರಿನಲ್ಲಿ ಕಪ್ಪು ಕಂದಾಗಿ ತಿರುಗಿದ ಆ ಕರಿ ಕೋಟಿಗೆ ದರ್ಜಿಯನ್ನು ಒತ್ತಾಯಿಸಿ ಹೊಲಿಸಿಕೊಂಡ ಎರಡು ಒಳಜೇಬುಗಳಿದ್ದವು. ಎಡಗಡೆಯದು ಕೋರ್ಟಿಗೆ, ಬಲಗಡೆಯದು ಮನೆಗೆ. ಮನೆಯ ಬೀಗದಕೈ, ಹೆಂಡತಿ ಬರೆದುಕೊಟ್ಟ ಸಾಮಾನಿನ ಚೀಟಿ, ಮೊಮ್ಮಗಳ ತಲೆಪಿನ್ನು ಎಲ್ಲ ಬಲಕ್ಕೆ. ಸಾಕ್ಷಿಗಳ ಕರೆಯೋಲೆ, ಕಾನೂನು ಓದುವ ಕನ್ನಡಕ, ಕಕ್ಷಿದಾರರು ಕೊಟ್ಟ ಎಂಥ ಸಣ್ಣ ವಸ್ತುವಾದರೂ ಎಡಕ್ಕೆ. ಪತ್ರಿಕೆ ಓದುವ ಕನ್ನಡಕ ಬೇರೆ, ಅದು ಬಲಕ್ಕೆ. ಎರಡರ ಗಾಜೂ ಒಂದೇ ನಂಬರಿನದು ಎಂಬುದನ್ನು ನಾನೇ ಒಮ್ಮೆ ಕದ್ದು ಪರೀಕ್ಷಿಸಿ ಕಂಡುಕೊಂಡೆ. ಅವರ ಹೆಂಡತಿ ನಮ್ಮ ಮುಂದೆಯೇ ಕಿಚಾಯಿಸುತ್ತಿದ್ದರು: "ಕೋರ್ಟಲ್ಲಿ ಇವರು ಏನ್ ಮಾತಾಡ್ತಾರೆ ಅಂತ ಮದುವೆಯಾದಾಗಿಂದ ನನಗೆ ಗೊತ್ತಿಲ್ಲ. ನಾನು ಬಲಗಡೆ ಜೇಬಲ್ಲಿ ಇರೋಳು ನೋಡಿ."

ಈ ಜೇಬುಗಳ ಧರ್ಮ ಅತ್ಯಂತ ಕಠಿಣ ಪರೀಕ್ಷೆಗೆ ಒಳಗಾಗುತ್ತಿದ್ದದ್ದು ಅವರ ಷಡ್ಡಕರ ವಿಷಯದಲ್ಲಿ. ಹೆಂಡತಿಯ ತಂಗಿಯ ಗಂಡ ಅದೇ ನ್ಯಾಯಾಲಯದಲ್ಲಿ ಸರ್ಕಾರಿ ವಕೀಲರು. ಎತ್ತರದ ಆಳು, ತುಂಬು ಕಂಠ, ಸಾಕ್ಷಿಯನ್ನು ಮಾತಿನಲ್ಲೇ ಮೂಲೆಗೆ ಒತ್ತುವ ಜಾಣ್ಮೆ. ರಜೆಯ ದಿನ ಇಬ್ಬರೂ ಒಂದೇ ಮೇಜಿನಲ್ಲಿ ಉಂಡು, ಒಂದೇ ಚಾಪೆಯ ಮೇಲೆ ಉರುಳಿಕೊಂಡು, ನಾದಿನಿಯರ ನೆಂಟರಿಷ್ಟರ ವಿಷಯ ಆಡಿಕೊಂಡು ನಗುವವರು, ಮಾರನೆಯ ದಿನ ಎದುರುಬದುರು ನಿಂತು ಒಬ್ಬರ ಮಾತನ್ನೊಬ್ಬರು ಚಿಂದಿ ಮಾಡುತ್ತಿದ್ದರು. ಒಂದು ಸಲ ಮೊಗಸಾಲೆಯಲ್ಲಿ ಷಡ್ಡಕರು ರೂಢಿಯ ಬಲದಿಂದ "ಅಣ್ಣಾ, ಒಂದ್ನಿಮಿಷ" ಎಂದು ಕರೆದರು. ಇವರು ಹೊಸ್ತಿಲ ಮೇಲಿಂದ ಕತ್ತು ತಿರುಗಿಸದೆ "ಅಣ್ಣ ಇಲ್ಲಿಲ್ಲ. ಮನೇಲಿದ್ದಾನೆ. ಸಂಜೆ ಬಂದರೆ ಸಿಗ್ತಾನೆ" ಎಂದುಬಿಟ್ಟರು.

ಇಂಥ ಮನುಷ್ಯರಲ್ಲಿಗೆ ಲಾಂಡ್ರಿಯಾಕೆಯ ಪ್ರಕರಣ ಬಂತು.

ಆಕೆ ವಿಧವೆ, ನ್ಯಾಯಾಲಯದಿಂದ ನಾಲ್ಕು ಬೀದಿ ಆಚೆ ಒಗೆತ ಮತ್ತು ಇಸ್ತ್ರಿಯ ಅಂಗಡಿ ನಡೆಸುತ್ತಿದ್ದಳು. ಗಂಡ ಬದುಕಿದ್ದಾಗ ಒಬ್ಬ ಸಿರಿವಂತರ ಬಂಗಲೆಯ ಕಾವಲಿಗಿದ್ದವನು. ಅವನ ಹೆಸರಿನಲ್ಲಿ ಒಂದು ಪಿಸ್ತೂಲಿಗೆ ಪರವಾನಗಿ ಇತ್ತು. ಅವನು ತೀರಿಕೊಂಡ ಮೇಲೆ ಆ ಪರವಾನಗಿಯೂ ತೀರಿಕೊಂಡಿತು. ಪಿಸ್ತೂಲನ್ನು ಠಾಣೆಗೆ ಒಪ್ಪಿಸಬೇಕಿತ್ತು. ಆಕೆ ಒಪ್ಪಿಸಲಿಲ್ಲ. ಊಟದ ಚೀಲದ ತಳದಲ್ಲಿ, ಡಬ್ಬಿಯ ಕೆಳಗೆ, ಮಡಿಸಿದ ಟವೆಲ್ಲಿನಲ್ಲಿ ಸುತ್ತಿ ದಿನಾ ಅಂಗಡಿಗೆ ತಂದು ದಿನಾ ಮನೆಗೆ ಒಯ್ಯುತ್ತಿದ್ದಳು. ಕಾರಣ, ಅವಳ ಅಂಗಡಿಯಲ್ಲಿ ಹಿಂದೆ ಇಸ್ತ್ರಿ ಮಾಡುತ್ತಿದ್ದ ಒಬ್ಬ ಆಳು. ಗಂಡ ಸತ್ತವಳೆಂದರೆ ಕೈಗೆಟುಕುವವಳೆಂದು ಭಾವಿಸಿದ ಆ ಮನುಷ್ಯ ಹದ್ದು ಮೀರಿ ಮಾತಾಡಿದಾಗ ಆಕೆ ಅವನನ್ನು ಕೆಲಸದಿಂದ ಬಿಡಿಸಿದ್ದಳು. ಅಂದಿನಿಂದ ಅವನು ಎದುರು ಫುಟ್‌ಪಾತಿನ ಕಂಬಕ್ಕೊರಗಿ ನಿಂತು ಅಂಗಡಿಯನ್ನೇ ನೋಡುವುದನ್ನು ಉದ್ಯೋಗ ಮಾಡಿಕೊಂಡಿದ್ದ. ಠಾಣೆಯವರು "ಬರೀ ನಿಂತಿದ್ದಾನಲ್ಲಮ್ಮ, ನಿಲ್ಲೋದು ಅಪರಾಧ ಅಲ್ಲ" ಎಂದು ಸಾಗಹಾಕಿದ್ದರು.

ಒಂದು ಮಧ್ಯಾಹ್ನ, ಕೆಲಸದ ಹುಡುಗಿಯರು ಊಟಕ್ಕೆ ಹೋದ ಹೊತ್ತಿನಲ್ಲಿ, ಅವನು ರಸ್ತೆ ದಾಟಿ ಒಳಗೆ ಬಂದ. ಬಾಗಿಲ ಬದಿಯಲ್ಲಿದ್ದ, ಷಟರ್ ಎಳೆಯುವ ಕೊಕ್ಕೆಯ ಕಬ್ಬಿಣದ ಕಂಬಿಯನ್ನು ಎತ್ತಿಕೊಂಡು ಷಟರನ್ನು ಅರ್ಧ ಕೆಳಗೆಳೆದ. ಆಮೇಲೆ ಅದೇ ಕಂಬಿಯನ್ನು ಅವಳತ್ತ ತಿರುಗಿಸಿದ. ಮೊದಲ ಏಟಿಗೆ ಅವಳ ಎಡ ಮುಂಗೈಯ ಎಲುಬು ಮುರಿಯಿತು. ಎರಡನೆಯ ಏಟು ಬೀಳುವ ಮೊದಲು ಗುಂಡು ಹಾರಿತು. ಅವನು ಇಸ್ತ್ರಿ ಮೇಜಿನ ಪಕ್ಕದಲ್ಲೇ ಪ್ರಾಣ ಬಿಟ್ಟ.

ಅದುಬೇರೆ ವಕೀಲರು ಈ ಪ್ರಕರಣವನ್ನು ಯಾಕೆ ಹಿಡಿದರೆಂದು ನಾನು ಕೇಳಿದ್ದೆ. ಕರುಣೆ, ನ್ಯಾಯ ಎಂದೇನಾದರೂ ಹೇಳುತ್ತಾರೆಂದು ಕಾದೆ. "ಅಂಗಡಿ ನೋಡ್ಕೊಂಡು ಬಂದೆ ಕಣ್ರಿ" ಎಂದಿತು ಬೀರುವಿನ ಆಚೆಯ ದನಿ, ಸ್ವಲ್ಪ ಭಾವಪರವಶವಾಗಿ. "ಬಿಳೀದು ಒಂದು ಗುಡ್ಡೆ, ಬಣ್ಣದ್ದು ಒಂದು ಗುಡ್ಡೆ. ಅಷ್ಟೆಲ್ಲ ಆಗಿ ಜಾಮೀನಿನ ಮೇಲೆ ಬಂದ್ಮೇಲೂ, ಒಂದು ಕೈಗೆ ಪಟ್ಟಿ ಕಟ್ಕೊಂಡೂ, ಒಂದು ಕರವಸ್ತ್ರ ಆ ಕಡೆಯಿಂದ ಈ ಕಡೆ ಬಿದ್ದಿಲ್ಲ."

ಆ ದಿನಗಳಲ್ಲಿ ವಕೀಲರ ಚಹಾದ ಕೋಣೆಯಲ್ಲಿ ಬೇರೆ ಮಾತೇ ಇರಲಿಲ್ಲ. ಕಾನೂನಿಗೆ ವಿರುದ್ಧವಾಗಿ ಆಯುಧ ಇಟ್ಟುಕೊಂಡವರು ಆತ್ಮರಕ್ಷಣೆಯ ಹೆಸರು ಹೇಳಬಹುದೇ? ಷಡ್ಡಕರಿಬ್ಬರೂ ಕೇಸಿನ ಮಾತು ಎತ್ತದೆ ಬರಿಯ ತತ್ವದ ಮಾತೆಂಬ ಸೋಗಿನಲ್ಲಿ ಜಟಾಪಟಿಗೆ ಇಳಿಯುತ್ತಿದ್ದರು. ಉಳಿದವರು ಲೋಟ ಹಿಡಿದು ಸುತ್ತ ಸೇರುತ್ತಿದ್ದರು.

"ಇಟ್ಕೊಳ್ಳೋ ಹಕ್ಕೇ ಇಲ್ಲದ್ದನ್ನ ಹಾರಿಸೋ ಹಕ್ಕು ಎಲ್ಲಿಂದ ಬರುತ್ತೆ?" ಎಂದು ಸರ್ಕಾರಿ ವಕೀಲರು ಶುರುಮಾಡುವರು.

"ಒಬ್ಬ ಲೈಸೆನ್ಸ್ ಇಲ್ಲದೆ ಗಾಡಿ ಓಡಿಸ್ತಿದ್ದಾನೆ ಅಂತಿಟ್ಕೊಳ್ಳಿ. ಎದುರಿಂದ ಲಾರಿ ಮೈಮೇಲೆ ಬಂತು. ಸ್ಟೀರಿಂಗ್ ತಿರುಗಿಸ್ಬೇಕೋ ಬೇಡ್ವೋ? ಲೈಸೆನ್ಸ್ ಇಲ್ಲ ಅಂತ ಸಾಯ್ಬೇಕಾ? ದಂಡ ಹಾಕಿ, ಜೈಲಿಗೆ ಕಳಿಸಿ. ಅದು ಬೇರೆ, ಇದು ಬೇರೆ."

"ತಿರುಗಿಸಿದ ಗಾಡಿ ಫುಟ್‌ಪಾತ್ ಮೇಲೆ ನಿಂತವನ ಮೇಲೆ ಹರಿದ್ರೆ?"

"ನಿಂತವನ ಮೇಲೆ ಯಾರ್ ಹರಿಸಿದ್ರು? ಲಾರಿ ಓಡಿಸ್ಕೊಂಡು ಬಂದವನ ಮಾತು ನಾನಾಡ್ತಿರೋದು."

ಎಲ್ಲರೂ ನಕ್ಕರು, ಸರ್ಕಾರಿ ವಕೀಲರು ಮಾತ್ರ ನಗಲಿಲ್ಲ. ಅವರ ವಾದದಲ್ಲಿ ತಿರುಳಿತ್ತು. ಅದನ್ನು ಇಲ್ಲಿ ಮರೆಸಿದರೆ ನಾನು ಪಕ್ಷಪಾತಿಯಾದೇನು. "ಲೈಸೆನ್ಸ್ ಅನ್ನೋದು ಬರೀ ಕಾಗದ ಅಂದ್ಕೋಬೇಡಿ" ಎಂದರು. "ಇಂಥವರ ಕೈಗೆ ಇಂಥದ್ದು ಕೊಡಬಹುದಾ ಅಂತ ಒಬ್ಬರಾದ್ರೂ ಕೂತು ಯೋಚನೆ ಮಾಡ್ಲಿ ಅಂತ ಅದು ಇರೋದು. ಚೀಲದಲ್ಲಿ ಪಿಸ್ತೂಲಿದೆ ಅಂತ ಗೊತ್ತಿರೋರಿಗೆ ಇಲ್ಲದ ಧೈರ್ಯ ಬರುತ್ತೆ. ಓಡಬೇಕಾದ ಕಡೆ ನಿಲ್ತಾರೆ. ಕಿರುಚಬೇಕಾದ ಕಡೆ ಸುಮ್ಮನಿರ್ತಾರೆ. ಕೊನೆಗೆ ಒಂದು ಹೆಣ ಬೀಳುತ್ತೆ. ಆಮೇಲೆ ನೀವು ಬಂದು ಅದು ಬೇರೆ ಇದು ಬೇರೆ ಅಂತೀರಿ."

ಅದುಬೇರೆ ವಕೀಲರು ಬಹಳ ಹೊತ್ತು ಚಮಚದಿಂದ ಚಹಾ ಕದಡುತ್ತ ಕುಳಿತರು. ಸಕ್ಕರೆ ಎಂದೋ ಕರಗಿಹೋಗಿತ್ತು. "ಒಳ್ಳೇ ಮಾತು" ಎಂದರು ಕಡೆಗೆ, ಮನಃಪೂರ್ವಕವಾಗಿ. "ಆದ್ರೆ ಅದು ಬೇರೆ." ಸರ್ಕಾರಿ ವಕೀಲರು ಲೋಟವನ್ನು ಕುಕ್ಕಿ ಎದ್ದು ಹೋದರು.

ಎರಡು ಆರೋಪಗಳನ್ನೂ ಒಂದೇ ಕಡೆ ವಿಚಾರಿಸಬೇಕೆಂದು ಸರ್ಕಾರದ ಹಟ. ಬೇರ್ಪಡಿಸಬೇಕೆಂದು ಇವರ ಹಟ. ಗೆದ್ದವರು ಇವರೇ. ಅಕ್ರಮ ಪಿಸ್ತೂಲಿನ ಆರೋಪ ಕೆಳಗಿನ ಕೋರ್ಟಿಗೆ ಹೋಯಿತು. ಕೊಲೆಯ ಆರೋಪ ಮೇಲಂತಸ್ತಿನಲ್ಲಿ ಉಳಿಯಿತು. ಕಡತಗಳನ್ನು ಎರಡು ಕಟ್ಟು ಮಾಡಿ, ಒಂದಕ್ಕೆ ಕೆಂಪು ಪಟ್ಟಿ, ಇನ್ನೊಂದಕ್ಕೆ ಬಿಳಿ ಪಟ್ಟಿ ಬಿಗಿದು, ಅವನ್ನು ಮೇಜಿನ ಎರಡು ತುದಿಗಳಲ್ಲಿಟ್ಟು ನೋಡಿದ ಅವರ ತೃಪ್ತಿಯನ್ನು ನಾನು ಬೀರುವಿನ ಪಕ್ಕದಿಂದ ಇಣುಕಿ ಕಂಡೆ. ಅವರ ಯೋಜನೆ ಸರಳವಾಗಿತ್ತು. ಪಿಸ್ತೂಲು ಇಟ್ಟುಕೊಂಡದ್ದು ತಪ್ಪು. ಆ ತಪ್ಪನ್ನು ಆಕೆ ಕೆಳಗೆ ನೇರವಾಗಿ ಒಪ್ಪಿಕೊಂಡು ಶಿಕ್ಷೆ ಪಡೆಯುತ್ತಾಳೆ. ಆಮೇಲೆ ಮೇಲಿನ ಕೋರ್ಟಿಗೆ ತೊಳೆದ ಬಟ್ಟೆಯಂತೆ ಹೋಗುತ್ತಾಳೆ. ಅಕ್ರಮ ಎಂಬ ಪದವನ್ನು ಅಲ್ಲಿ ಯಾರೂ ಎತ್ತುವಂತಿಲ್ಲ.

ಕೆಳಗಿನ ಕೋರ್ಟಿನಲ್ಲಿ ಅಂದು ಹೆಚ್ಚು ಜನರಿರಲಿಲ್ಲ. ಲಾಂಡ್ರಿಯಾಕೆ ಪಟ್ಟಿ ಬಿಚ್ಚಿದ ಸೊಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಟಕಟೆ ಹತ್ತಿ, ಹೇಳಿಕೊಟ್ಟ ಹಾಗೆಯೇ "ತಪ್ಪಾಗಿದೆ ಸ್ವಾಮಿ" ಎಂದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಪೀಠದಲ್ಲಿದ್ದವರು ಮೃದು ಸ್ವಭಾವದ ನ್ಯಾಯಾಧೀಶರು, ಶಿಕ್ಷೆಯನ್ನು ಕಡಿಮೆ ಮಾಡಲು ಏನಾದರೂ ಆಧಾರ ಸಿಕ್ಕೀತೆಂಬ ಸದುದ್ದೇಶದಿಂದಲೇ ಮುಂದಕ್ಕೆ ಬಾಗಿ ಕೇಳಿದರು: "ಯಾಕಮ್ಮಾ ಇಟ್ಕೊಂಡಿದ್ದೆ ಅದನ್ನ?"

ಈ ಪ್ರಶ್ನೆಗೆ ಅದುಬೇರೆ ವಕೀಲರು ಅವಳನ್ನು ಸಿದ್ಧಪಡಿಸಿರಲಿಲ್ಲ. ಬೇರೆ ಯಾವ ವಕೀಲನೂ ಮಾಡದ ತಪ್ಪು ಅದು. ಕಪ್ಪುಕೋಟು ತೊಟ್ಟ ಮೊದಲ ವರ್ಷದವನೂ ಕಕ್ಷಿದಾರನಿಗೆ 'ಯಾಕೆ' ಎಂಬ ಪ್ರಶ್ನೆಗೊಂದು ಉತ್ತರ ಕಲಿಸಿಕೊಟ್ಟೇ ಕಟಕಟೆ ಹತ್ತಿಸುತ್ತಾನೆ. ಇವರ ತಲೆಯಲ್ಲಿ ಮಾತ್ರ 'ಯಾಕೆ' ಎಂಬುದು ಮೇಲಂತಸ್ತಿಗೆ, ಬಿಳಿ ಪಟ್ಟಿಯ ಕಟ್ಟಿಗೆ ಸೇರಿದ ವಿಷಯ. ಕೆಂಪು ಪಟ್ಟಿಯದರಲ್ಲಿ 'ಇತ್ತೇ, ಇಲ್ಲವೇ' ಎಂಬುದಷ್ಟೇ ಇತ್ತು.

ಲಾಂಡ್ರಿಯಾಕೆ ಕೇಳಿದ್ದಕ್ಕೆ ನಿಜ ಹೇಳಿದಳು. "ಅವನು ಒಂದಲ್ಲ ಒಂದಿನ ಒಳಗೆ ಬರ್ತಾನೆ ಅಂತ ಗೊತ್ತಿತ್ತು ಸ್ವಾಮಿ. ಬಂದ್ರೆ ಇರ್ಲಿ ಅಂತ ಇಟ್ಕೊಂಡಿದ್ದೆ."

ಹಿಂದಿನ ಬೆಂಚಿನಲ್ಲಿ ಬೇರೇನೋ ಕೆಲಸಕ್ಕೆ ಬಂದು ಕುಳಿತಿದ್ದ ಷಡ್ಡಕರು ತಲೆಯೆತ್ತಿದರು. ನಾನು ಅವರ ಪಕ್ಕದಲ್ಲಿದ್ದೆ. ಅವರ ಮುಖದಲ್ಲಿ ಗೆಲುವು ಇರಲಿಲ್ಲವೆಂದು ಹೇಳಲೇಬೇಕು. ಮನೆಯ ಹಿರಿಯನೊಬ್ಬ ಮೆಟ್ಟಿಲು ತಪ್ಪಿದ್ದನ್ನು ಕಂಡವರ ಹಾಗೆ ಒಮ್ಮೆ ಕಣ್ಣು ಮುಚ್ಚಿ ತೆರೆದರು. ಆಮೇಲೆ ಎದ್ದು ಆ ಹೇಳಿಕೆಯ ನಕಲಿಗೆ ಹೇಳಿ ಬರಲು ಹೋದರು. ಕರ್ತವ್ಯ ಬೇರೆ, ಸಂಬಂಧ ಬೇರೆ ಎಂಬ ಪಾಠವನ್ನು ಅವರಿಗೆ ಹೇಳಿಕೊಟ್ಟವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಪಿಸ್ತೂಲಿಗಾಗಿ ಆಕೆಗೆ ಕೆಲವು ತಿಂಗಳ ಸೆರೆವಾಸವಾಯಿತು. ಕೊಲೆಯ ವಿಚಾರಣೆ ಮುಗಿದ ಮೇಲೆ ಅದು ಶುರುವಾಗತಕ್ಕದ್ದು. ಮೇಲಿನ ಕೋರ್ಟಿನಲ್ಲಿ ಸರ್ಕಾರಿ ವಕೀಲರು ಅಕ್ರಮ ಎಂಬ ಪದವನ್ನು ಒಮ್ಮೆಯೂ ಉಚ್ಚರಿಸಲಿಲ್ಲ. ಉಚ್ಚರಿಸುವ ಅಗತ್ಯವೇ ಬೀಳಲಿಲ್ಲ. "ಬಂದರೆ ಇರಲಿ" ಎಂಬ ಎರಡೇ ಪದವನ್ನು ಹಿಡಿದು, ಬೇರೆಬೇರೆ ಸ್ವರದಲ್ಲಿ, ಬೇರೆಬೇರೆ ಕಡೆ ನಿಲ್ಲಿಸಿ, ಅದನ್ನೊಂದು ಬೇಟೆಯ ಮಾತಾಗಿ ಮಾರ್ಪಡಿಸಿದರು. ಆಕೆ ಕಾದು ಕುಳಿತಿದ್ದಳು. ಸತ್ತವನು ಬರಿಗೈಯಲ್ಲಿ ಬಂದವನು. ಕಂಬಿ ಆಕೆಯ ಅಂಗಡಿಯದು, ಅವನು ತಂದದ್ದಲ್ಲ. ತಿಂಗಳುಗಟ್ಟಲೆ ಚೀಲದಲ್ಲಿ ಗುಂಡು ಹೊತ್ತು ತಿರುಗಿದವಳು, ಅವನು ಹೊಸ್ತಿಲು ದಾಟುವುದನ್ನೇ ಎದುರುನೋಡುತ್ತಿದ್ದಳು. ಇದು ಆತ್ಮರಕ್ಷಣೆಯಾದರೆ ಹೊಂಚು ಹಾಕುವುದಕ್ಕೆ ಇನ್ನೇನು ಹೆಸರು? ಕೊಲೆ ರುಜುವಾತಾದರೆ ಆಕೆ ಬದುಕಿನ ಉಳಿದ ಭಾಗವನ್ನೆಲ್ಲ ಸೆರೆಮನೆಯಲ್ಲಿ ಕಳೆಯಬೇಕಿತ್ತು. ಕಟಕಟೆಯಲ್ಲಿ ನಿಂತ ಅವಳ ಮುಖ ಒಗೆದ ಬಟ್ಟೆಯ ಹಾಗೆ ಬಿಳಿಚಿಕೊಂಡಿತು. ಸತ್ತವನ ತಾಯಿ, ಪ್ರತಿಯೊಂದು ವಿಚಾರಣೆಗೂ ಬಂದು ಒಂದೇ ಬೆಂಚಿನ ಒಂದೇ ತುದಿಯಲ್ಲಿ ಕೂರುತ್ತಿದ್ದ ಗಟ್ಟಿ ಮೈಯ ಮುದುಕಿ, ಮೊದಲ ಸಲ ತಲೆಯಾಡಿಸಿದಳು.

ಅಂದು ಸಂಜೆ ಬೀರುವಿನ ಪಕ್ಕದಿಂದ ಇಣುಕಿದೆ. ಕೆಂಪು ಪಟ್ಟಿಯ ಕಟ್ಟು ಆ ತುದಿಯಲ್ಲಿ, ಬಿಳಿ ಪಟ್ಟಿಯದು ಈ ತುದಿಯಲ್ಲಿ. ನಡುವಿನ ಖಾಲಿ ಮೇಜಿನ ಮೇಲೆ ಅವರ ಎರಡು ಕೈ. "ಬಂದ್ರೆ ಇರ್ಲಿ ಅನ್ನೋ ಮಾತು, ನಾನು ಕೊಟ್ಟ ಕಂಬಿ ರೀ ಅದು" ಎಂದರು. "ನಾನೇ ಎತ್ತಿಕೊಟ್ಟೆ."

ಕೊನೆಯ ವಾದದ ದಿನ ಕೋರ್ಟು ಕಿಕ್ಕಿರಿದಿತ್ತು. ಅವರು ಬಾಗಿಲಲ್ಲಿ ಎಂದಿನಂತೆ ನಿಂತರು. ಎಂದಿಗಿಂತ ಹೆಚ್ಚು ಹೊತ್ತು ನಿಂತರು. ಒಳಗೆ ಬಂದು, ಕಂಕುಳಿನಿಂದ ಎರಡು ಕಟ್ಟುಗಳನ್ನೂ ತೆಗೆದು ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟರು. ಸರ್ಕಾರಿ ವಕೀಲರು ಬರೆಯುವುದನ್ನು ನಿಲ್ಲಿಸಿ ಆ ಕಡೆ ನೋಡಿದರು.

"ಸ್ವಾಮಿ, ನಾನು ಇಷ್ಟು ದಿನ ಇವೆರಡೂ ಬೇರೆ ಅಂದೆ" ಎಂದು ಶುರುಮಾಡಿದರು. ಕೋರ್ಟಿನಲ್ಲಿ ಎಂದೂ ಬಳಸದ ಮನೆಮಾತಿನಲ್ಲಿ. "ತಪ್ಪು. ಬೇರೆ ಮಾಡಿದವನು ನಾನು. ಆಯಮ್ಮ ಮಾಡಿರ್ಲಿಲ್ಲ. ಯಾವ ಭಯಕ್ಕೆ ಪಿಸ್ತೂಲು ಚೀಲಕ್ಕೆ ಹಾಕಿದ್ರೋ ಅದೇ ಭಯಕ್ಕೆ ಹಾರಿಸಿದ್ರು. ಕೆಳಗಿನ ಕೋರ್ಟಲ್ಲಿ ಯಾಕೆ ಅಂತ ಕೇಳಿದಾಗ ನಿಜ ಹೇಳಿದ್ರು. ನಾನು ಹೇಳಿಕೊಟ್ಟಿದ್ರೆ ಸುಳ್ಳು ಹೇಳ್ತಿದ್ರೋ ಏನೋ. ಸದ್ಯ, ಹೇಳಿಕೊಟ್ಟಿರ್ಲಿಲ್ಲ."

ಆಮೇಲೆ ಅವರು ನಡೆದದ್ದನ್ನು ಒಂದೊಂದಾಗಿ ಮುಂದಿಟ್ಟರು. ಹೊಂಚು ಹಾಕುವವಳು ಪಿಸ್ತೂಲನ್ನು ಕೈಗೆ ಸಿಗುವ ಕಡೆ ಇಡುತ್ತಾಳೆ. ಇವಳದು ಊಟದ ಡಬ್ಬಿಯ ಕೆಳಗೆ, ಟವೆಲ್ಲಿನ ಮಡಿಕೆಯಲ್ಲಿತ್ತು. ಅವನು ಒಳಗೆ ಬಂದಾಗ ಆಕೆ ಮೊದಲು ಅಂದದ್ದು "ಹೋಗು" ಎಂದು. ಬೀದಿಯಲ್ಲಿ ಹೋಗುತ್ತಿದ್ದ ಹಾಲಿನವನು ಅದನ್ನು ಕೇಳಿದ್ದ. ಷಟರ್ ಇಳಿಯುತ್ತಿದ್ದಾಗ ಹಿಂದೆ ಸರಿದಳು. ಗೋಡೆ ಬೆನ್ನಿಗೆ ತಾಗುವವರೆಗೂ ಸರಿದಳು. ಚೀಲ ಆ ಗೋಡೆಯ ಮೊಳೆಯಲ್ಲಿ ಆಕೆಯ ತಲೆಯ ಪಕ್ಕದಲ್ಲೇ ನೇತಾಡುತ್ತಿತ್ತು. ಆಗಲೂ ಕೈ ಹಾಕಲಿಲ್ಲ. ಎಲುಬು ಮುರಿದ ಮೇಲೆ, ಉಳಿದ ಒಂದು ಕೈಯಲ್ಲಿ ಚೀಲ ಕಿತ್ತುಕೊಂಡಳು. ಡಬ್ಬಿ ಉರುಳಿ ಅನ್ನವೆಲ್ಲ ನೆಲಕ್ಕೆ ಚೆಲ್ಲಿದ್ದನ್ನು ಮೊದಲು ಬಂದ ಪೊಲೀಸನೇ ಕಂಡಿದ್ದ.

"ಬಂದ್ರೆ ಇರ್ಲಿ ಅಂದವರು, ಸ್ವಾಮಿ, ಅವನು ಬಂದ ಮೇಲೂ ತೆಗೀಲಿಲ್ಲ. ಹೊಡೆದ ಮೇಲೆ ತೆಗೆದ್ರು." ಇಲ್ಲಿ ಅವರ ಬಲಗೈ ತಾನಾಗಿಯೇ ಮೇಲೆದ್ದಿತು, ರೊಟ್ಟಿ ಮುರಿಯುವ ಆ ಕೈ. ಇಡೀ ಕೋರ್ಟು ಅದನ್ನು ಗುರುತಿಸಿತು. "ಬರಲಿ ಅಂತ ಕಾಯೋದು ಬೇರೆ. ಬಂದುಬಿಟ್ರೆ ಅಂತ ಹೆದರೋದು ಬೇರೆ." ಕೈ ಕೆಳಗಿಳಿಯಿತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ನ್ಯಾಯಾಧೀಶರು ನಗಲಿಲ್ಲ.

ತೀರ್ಪು ಬಂದಾಗ ಕೊಲೆಯ ಆರೋಪದಿಂದ ಆಕೆ ಬಿಡುಗಡೆಯಾದಳು. ಅಕ್ರಮವಾಗಿ ಆಯುಧ ಇಟ್ಟುಕೊಂಡದ್ದಕ್ಕೆ ಶಿಕ್ಷೆ ಆಗಿದೆ, ಆಗಲೇಬೇಕಿತ್ತು. ಆದರೆ ಆ ತಪ್ಪು ಮಾಡಿದವಳು ತನ್ನ ಮೇಲೆ ಬೀಳುವ ಏಟನ್ನು ತಡೆಯುವ ಹಕ್ಕನ್ನು ಕಳೆದುಕೊಂಡವಳಲ್ಲ ಎಂದು ನ್ಯಾಯಾಧೀಶರು ಓದಿದರು. ಸರ್ಕಾರಿ ವಕೀಲರು ಎದ್ದು, ಮೇಜು ದಾಟಿ ಬಂದು, "ಸಂಜೆ ಸಿಗ್ತೀರಾ?" ಎಂದಷ್ಟೇ ಕೇಳಿ ಹೋದರು.

ಪಿಸ್ತೂಲಿನ ಶಿಕ್ಷೆ ಅನುಭವಿಸಲು ಲಾಂಡ್ರಿಯಾಕೆ ಅಂದೇ ಹೊರಡಬೇಕಿತ್ತು. ಹೊರಗೆ ವ್ಯಾನು ಕಾಯುತ್ತಿತ್ತು. ಹತ್ತುವ ಮೊದಲು ಆಕೆ ಸೊಂಟದಿಂದ ಅಂಗಡಿಯ ಬೀಗದಕೈ ತೆಗೆದು ಅದುಬೇರೆ ವಕೀಲರ ಕೈಗಿತ್ತಳು. ಅವಳಿಗೆ ಹಿಂದೆಮುಂದೆ ಯಾರೂ ಇರಲಿಲ್ಲ. "ಇದಕ್ಕೆ ಹೋಗ್ಲೇಬೇಕಲ್ವಾ ಸಾರ್. ನೀವೇ ಹೇಳಿದ್ರಲ್ಲ, ಅದು ಬೇರೆ ಅಂತ" ಎಂದು ಸ್ವಲ್ಪ ನಕ್ಕಳು. "ಬಂದ ಮೇಲೆ ಇಸ್ಕೋತೀನಿ. ಅಲ್ಲಿವರೆಗೂ ನಿಮ್ಮ ಹತ್ರ ಇರ್ಲಿ."

ಅವರು ಬೀಗದಕೈಯನ್ನು ಎಡ ಒಳಜೇಬಿಗೆ ಹಾಕಹೋದರು, ಕಕ್ಷಿದಾರಳು ಕೊಟ್ಟದ್ದು. ಹಾಕಿ, ಹೊರಗೆ ತೆಗೆದರು. ಕೇಸು ಮುಗಿದಿತ್ತಲ್ಲ. ಬಲ ಜೇಬಿಗೆ ಹಾಕಿದರು. ಅಲ್ಲಿ ಮನೆಯ ಬೀಗದಕೈಯ ಜೊತೆ ಅದು ಕಣಕಣ ಎಂದಿತು. ಮತ್ತೆ ತೆಗೆದರು. ಹೀಗೆ ಜೇಬಿನಿಂದ ಜೇಬಿಗೆ ಕೈಯಾಡಿಸುತ್ತ ಅವರು ಮೊಗಸಾಲೆಯ ಕೊನೆಯ ಬಾಗಿಲಿಗೆ ಬಂದು ಹೊಸ್ತಿಲ ಮೇಲೆ ನಿಂತಾಗ ಎದುರಿಗೆ ಸತ್ತವನ ತಾಯಿ ನಿಂತಿದ್ದಳು. ಆಕೆಯ ಕಣ್ಣಲ್ಲಿ ನೀರಿರಲಿಲ್ಲ. ದಾರಿ ಕೇಳುವವರ ದನಿಯಲ್ಲಿ ಕೇಳಿದಳು.

"ಹಾಗಾದ್ರೆ ನನ್ನ ಮಗನ್ನ ಸಾಯಿಸಿದ್ದು ಸರಿ ಅಂತಾಯ್ತಾ ಸಾರ್?"

"ಸರಿ ಅಂತಲ್ಲಮ್ಮ. ತಪ್ಪಲ್ಲ ಅಂತಾಯ್ತು."

"ಅದಕ್ಕೂ ಇದಕ್ಕೂ ವ್ಯತ್ಯಾಸ ಉಂಟಾ?"

ಅವರ ಇಡೀ ಆಯುಷ್ಯ ಆ ಒಂದು ಪ್ರಶ್ನೆಯ ಉತ್ತರವಾಗಿತ್ತು. ಅದಕ್ಕೂ ಇದಕ್ಕೂ ವ್ಯತ್ಯಾಸ ಉಂಟೆಂದು ಹೇಳುವುದಕ್ಕೇ ಅವರು ಕಪ್ಪುಕೋಟು ತೊಟ್ಟದ್ದು. ಅದನ್ನು ಹೇಳಿಯೇ ಆಗತಾನೆ ಒಂದು ಜೀವವನ್ನು ಉಳಿಸಿಕೊಂಡು ಬಂದಿದ್ದರು. ನಾನು ಅವರ ಬೆನ್ನ ಹಿಂದೆಯೇ ಇದ್ದೆ. ನನ್ನ ಹಿಂದೆ ಇನ್ನೂ ಹತ್ತಾರು ಜನ. ಬಲಗೈ ಸ್ವಲ್ಪ ಮೇಲೆದ್ದಿತು. ಅದರೊಳಗೆ ಬೀಗದಕೈ ಇತ್ತು. ಕೈ ಹಾಗೆಯೇ ಕೆಳಗಿಳಿಯಿತು.

"ನಿಮಗಿಲ್ಲಮ್ಮ" ಎಂದರು.

ಮುದುಕಿ ತಲೆಯಾಡಿಸಿ, ಮೆಟ್ಟಿಲಿಳಿದು ಹೋದಳು. ಅವರು ಮಾತ್ರ ಹೊಸ್ತಿಲ ಮೇಲಿಂದ ಕದಲಲಿಲ್ಲ. ಹಿಂದಿದ್ದವರು ಗೊಣಗಿದರು, ತಳ್ಳಿದರು, ಕಡೆಗೆ ಪಕ್ಕದಿಂದ ನುಸುಳಿಕೊಂಡು ಹೋದರು. ಅಂದು ಆ ಕೋಣೆಯನ್ನು ಅಲ್ಲೇ ಬಿಟ್ಟು ಬರುವುದು ಅವರಿಂದ ಆಗಲಿಲ್ಲವೆಂದು ಕಾಣುತ್ತದೆ. ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ, ನಾದಿನಿ, ಷಡ್ಡಕ ಎಲ್ಲರ ಎದುರಿಗೆ ಅವರು ಮೊದಲ ಬಾರಿ ಕೋರ್ಟಿನ ಮಾತು ತೆಗೆದು, ಆ ತಾಯಿ ಕೇಳಿದ್ದನ್ನು ಹೇಳಿದರಂತೆ.

ಇಂಥವರನ್ನು ನಾವು ಸಾಮಾನ್ಯವಾಗಿ ಕೂದಲು ಸೀಳುವವರೆಂದು ಆಡಿಕೊಳ್ಳುತ್ತೇವೆ. ಒಬ್ಬರ ಒಂದು ತಪ್ಪು ನಮ್ಮ ಕಿವಿಗೆ ಬಿದ್ದರೆ ಸಾಕು, ಅವರ ಉಳಿದ ಬಾಳನ್ನೆಲ್ಲ ಅದೇ ನೀರಿನಲ್ಲಿ ಅದ್ದಿ ಒಂದೇ ಬಣ್ಣ ಮಾಡಿಬಿಡುವ ನಮಗೆ, ಒಂದೊಂದು ಎಳೆಯನ್ನೂ ಬೇರೆ ಮಾಡಿ ಹಿಡಿಯುವವರು ಹೃದಯವಿಲ್ಲದವರಂತೆ ತೋರುತ್ತಾರೆ. ಇಂಥವರು ಎಲ್ಲ ನ್ಯಾಯಾಲಯಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ, ಒಂದೊಂದು ಮನೆಯಲ್ಲೂ ಇರುತ್ತಾರೆ. ಅವರಿಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಮಂದಿ ಮಾಡಿದ ತಪ್ಪಿಗಲ್ಲದೆ ಮಾಡದ ತಪ್ಪಿಗೂ ಶಿಕ್ಷೆ ಉಂಡಿರುತ್ತಿದ್ದೆವು. ಎಲ್ಲಕ್ಕೂ ಒಂದೊಂದು ಜಾಗ ಗೊತ್ತುಮಾಡಿ ಬದುಕಿದ ಅವರಿಗೆ ಯಾವ ಜಾಗಕ್ಕೂ ಸೇರದ ವಸ್ತುವೊಂದು ಎಂದಾದರೂ ಎದುರಾಗಿಯೇ ತೀರುತ್ತದೆ. ನಾವಾದರೆ ಅದನ್ನು ಎಲ್ಲೋ ಒಂದು ಕಡೆ ತುರುಕಿ ಮರೆಯುತ್ತೇವೆ. ಅವರು ಅದನ್ನು ಕೈಯಲ್ಲೇ ಹಿಡಿದುಕೊಂಡು ಮನೆಗೆ ನಡೆಯುತ್ತಾರೆ.